ಬಂದದ್ದು ಬಂದ ಹಾಗೆ

ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಈಗ ಮೊದಲು ಆಗಬೇಕಾದ ಕೆಲಸ ಒಳ್ಳೆಯದೊಂದು ಫೋಟೊ ಹುಡುಕುವುದು. ಡಾಕ್ಟರು ನಾಡಿ ಹಿಡಿದು ನೋಡಿ, ತಲೆಯಾಡಿಸಿ, ಮೆಟ್ಟಿಲಿಳಿಯುವಷ್ಟರಲ್ಲಿ ಮೊಮ್ಮಗ ಅದಕ್ಕೊಂದು ಹಾರ, ಎರಡು ದೀಪ, ಕೆಳಗೆ ‘ಮತ್ತೆ ಹುಟ್ಟಿ ಬಾ’ ಎಂಬ ಸಾಲು ಸೇರಿಸಿ ತಯಾರು ಮಾಡಿರುತ್ತಾನೆ. ಚಿತ್ರ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಬೀಳುತ್ತದೆ. ಅಳು ಆಮೇಲೆ.

ನಮ್ಮ ಕಡೆಯ ಯಾವುದೇ ಕುಟುಂಬದ ಗ್ರೂಪು ತೆಗೆದುಕೊಳ್ಳಿ. ಹೆಸರು ಒಂದೋ ಮನೆದೇವರದು, ಇಲ್ಲವೇ ‘ನಮ್ಮ ಹೆಮ್ಮೆಯ ಬಳಗ’. ಸದಸ್ಯರು ತಿಪಟೂರಿನಿಂದ ಟೆಕ್ಸಾಸ್‌ವರೆಗೆ. ಬೆಳಿಗ್ಗೆ ಆರೂಕಾಲಿಗೆ ತಿಪಟೂರಿನ ದೊಡ್ಡಪ್ಪ ಹೋದರೆಂಬ ಸುದ್ದಿ ಬಂತು ಅನ್ನಿ. ಮೊದಲು ‘ಓಂ ಶಾತಿ’ ಹಾಕಿದವರು ಮೈಸೂರಿನ ಸೋದರತ್ತೆ. ಕನ್ನಡಕ ಸಿಗದೆ ಸೊನ್ನೆ ಬಿಟ್ಟುಹೋಗಿದೆ. ಎರಡನೆಯವರು ಅದನ್ನೇ ಒತ್ತಿಹಿಡಿದು ಕಾಪಿ ಮಾಡಿದ್ದಾರೆ. ಮೂರನೆಯವರು ಎರಡನೆಯವರದನ್ನು. ಹೀಗೆ ಬಳಗಕ್ಕೆ ಬಳಗವೇ ಸೊನ್ನೆಯಿಲ್ಲದೆ ದುಃಖಿಸಿತು. ನಡುವೆ, ಮೇಲೆ ಏನಿದೆಯೆಂದು ನೋಡುವ ಅಭ್ಯಾಸವಿಲ್ಲದ ದಾವಣಗೆರೆಯ ಭಾವನವರು ಇಬ್ಬನಿ ಕೂತ ಗುಲಾಬಿಯೊಂದನ್ನು ಹಾಕಿ ‘ಶುಭೋದಯ, ಈ ದಿನ ನಿಮಗೆ ಸಿಹಿ ಸುದ್ದಿ ತರಲಿ’ ಎಂದು ಹಾರೈಸಿದರು. ಇನ್ನೊಬ್ಬರು ಸಾವಿನ ಸುದ್ದಿಗೆ ಹೆಬ್ಬೆರಳು ಎತ್ತಿದರು. ತಲುಪಿತು ಎಂಬ ಅರ್ಥದಲ್ಲಿ, ಪಾಪ.

ಹತ್ತು ಗಂಟೆಗೆ ಯಾರದೋ ಮಗುವಿನ ಮೊದಲ ಹುಟ್ಟುಹಬ್ಬ. ಕೇಕಿನ ಮುಂದೆ ಕೂತ ಮಗುವಿನ ಫೋಟೊ ಬಂತು. ಟೆಕ್ಸಾಸಿನ ತಮ್ಮ ಆಗಷ್ಟೇ ಕೆಲಸ ಮುಗಿಸಿ, ಮಲಗುವ ಮುಂಚೆ ಫೋನು ತೆಗೆದು, ಮೇಲಿನದನ್ನೆಲ್ಲ ಸರಸರ ಓದಿ, ತನ್ನ ಪಾಲಿನ ‘ಓಂ ಶಾತಿ’ ಹಾಕಿ ಮಲಗಿದ. ಅದು ಹೋಗಿ ಕೂತದ್ದು ಮಗುವಿನ ಫೋಟೊದ ಕೆಳಗೆ. ಮಗುವಿನ ತಾಯಿ ಗ್ರೂಪು ಬಿಟ್ಟಳು. ಅವಳನ್ನು ವಾಪಸ್ ಆಡ್ ಮಾಡಬೇಕೋ, ಮೊದಲು ಅವಳ ಕಡೆಯವರನ್ನು ಸಮಾಧಾನ ಮಾಡಬೇಕೋ ಎಂಬ ಚರ್ಚೆ ಮಧ್ಯಾಹ್ನದವರೆಗೆ ನಡೆಯಿತು. ಅಷ್ಟರಲ್ಲಿ ದೊಡ್ಡಪ್ಪನ ಮಣ್ಣು ಮುಗಿದಿತ್ತು.

ಇವರಲ್ಲಿ ಯಾರೂ ಕೆಟ್ಟವರಲ್ಲ. ದೊಡ್ಡಪ್ಪ ಎಂದರೆ ಎಲ್ಲರಿಗೂ ಪ್ರೀತಿಯೇ. ಆದರೆ ದೊಡ್ಡಮ್ಮನಿಗೆ ಫೋನು ಮಾಡಿದರೆ ಅವರು ಅತ್ತುಬಿಡುತ್ತಾರೆ. ಆಗ ನಮ್ಮದೇ ಬಾಯಿಂದ ನಮ್ಮದೇ ಒಂದು ಮಾತು ಹೊರಡಬೇಕಾಗುತ್ತದೆ. ಗ್ರೂಪಿನಲ್ಲಿ ಆ ಕಷ್ಟವಿಲ್ಲ. ಬಂದದ್ದನ್ನು ಒತ್ತಿಹಿಡಿದರೆ ಸಾಕು.

ಒತ್ತಿಹಿಡಿಯುವ ಈ ಕಲೆಯಲ್ಲಿ ಭಾರತ ಎಂದೋ ವಿಶ್ವಗುರು ಆಗಿದೆ. 2018ರ ಜನವರಿಯಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಅದನ್ನು ಸುದ್ದಿ ಮಾಡಿತು: ಭಾರತೀಯರ ಫೋನುಗಳು ಯಾಕೆ ಮತ್ತೆ ಮತ್ತೆ ತುಂಬಿ ನಿಂತುಹೋಗುತ್ತವೆ ಎಂದು ಗೂಗಲ್ಲಿನ ಎಂಜಿನಿಯರುಗಳು ತಲೆ ಕೆಡಿಸಿಕೊಂಡು ಹುಡುಕಿದಾಗ ಸಿಕ್ಕಿದ್ದು ಗುಡ್ ಮಾರ್ನಿಂಗ್ ಚಿತ್ರಗಳು. ಹೂವು, ಸೂರ್ಯ, ಪುಟ್ಟ ಮಗು, ಸಾಯಿಬಾಬಾ. ಅವನ್ನು ಗುರುತಿಸಿ ಒಂದೇ ಸಲಕ್ಕೆ ಗುಡಿಸಿಹಾಕಲು ಗೂಗಲ್ ತನ್ನ ಆ್ಯಪಿನಲ್ಲಿ ಪ್ರತ್ಯೇಕ ವ್ಯವಸ್ಥೆಯನ್ನೇ ಮಾಡಬೇಕಾಯಿತು. ಚಂದ್ರನ ಮೇಲೆ ಇಳಿಯುವ ಮೊದಲೇ ನಾವು ಕ್ಯಾಲಿಫೋರ್ನಿಯದ ಎಂಜಿನಿಯರುಗಳ ನಿದ್ದೆ ಕೆಡಿಸಿದ್ದೆವು ಎಂಬುದು ಕಡಿಮೆ ಹೆಮ್ಮೆಯ ಮಾತಲ್ಲ.

ನವೆಂಬರ್ ಒಂದಕ್ಕೆ ಇದೇ ಉತ್ಸಾಹ ಹಳದಿ-ಕೆಂಪು ಬಣ್ಣ ಬಳಿದುಕೊಂಡು ಬರುತ್ತದೆ. ಡಿಪಿಯಲ್ಲಿ ಭುವನೇಶ್ವರಿ, ಸ್ಟೇಟಸ್ಸಿನಲ್ಲಿ ಬಾವುಟ, ಗ್ರೂಪಿನಲ್ಲಿ ‘ರಾಜೋತ್ಸವದ ಹಾರ್ಧಿಕ ಶುಭಾಷಯಗಳು’. ಒಂದೇ ಸಾಲಿನಲ್ಲಿ ಮೂರು ತಪ್ಪು, ಮೂರು ಸಾವಿರ ಫಾರ್ವರ್ಡು. ತಿದ್ದಲು ಹೋದವನು ಕನ್ನಡದ್ರೋಹಿ. ಎರಡನೇ ತಾರೀಕು ಬೆಳಿಗ್ಗೆ ಅದೇ ಗ್ರೂಪಿನಲ್ಲಿ ಅದೇ ಅಭಿಮಾನಿ ಇಂಗ್ಲಿಷ್ ಅಕ್ಷರದಲ್ಲಿ ‘ತಿಂಡಿ ಆಯ್ತಾ’ ಎಂದು ಕೇಳುತ್ತಿರುತ್ತಾನೆ. ಕನ್ನಡದ ಕೀಲಿಮಣೆ ಅವನ ಫೋನಿನಲ್ಲೇ ಇದೆ. ಆದರೆ ಅದರಲ್ಲಿ ಬರೆಯಬೇಕಾಗುತ್ತದಲ್ಲ!

ಜ್ಞಾನವೂ ಹೀಗೇ ಸರಬರಾಜಾಗುತ್ತದೆ. ಯುನೆಸ್ಕೊ ನಮ್ಮ ರಾಷ್ಟ್ರಗೀತೆಯನ್ನು ಜಗತ್ತಿನಲ್ಲೇ ಶ್ರೇಷ್ಠವೆಂದು ಈಗ್ಗೆ ಕೆಲವೇ ನಿಮಿಷಗಳ ಹಿಂದೆ ಘೋಷಿಸಿದೆ. ಆ ಕೆಲವೇ ನಿಮಿಷ ಶುರುವಾಗಿ ಹದಿನೈದು ವರ್ಷಕ್ಕೂ ಮೇಲಾಯಿತು. ಹಾಗೆ ಘೋಷಿಸಿಲ್ಲ ಎಂದು ಯುನೆಸ್ಕೊ ಹೇಳಿದ್ದು ಯಾವ ಗ್ರೂಪಿಗೂ ಬರಲಿಲ್ಲ, ಅದನ್ನು ಯಾರೂ ಫಾರ್ವರ್ಡ್ ಮಾಡಿಲ್ಲವಾದ್ದರಿಂದ. 2016ರ ನವೆಂಬರಿನಲ್ಲಿ ಎರಡು ಸಾವಿರದ ನೋಟಿನೊಳಗೆ ನ್ಯಾನೊ ಚಿಪ್ಪು ಬಂತು. ಭೂಮಿಯ ಒಳಗೆ ಎಷ್ಟು ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಕಾಣುತ್ತದಂತೆ. ಟಿವಿಯ ಕೆಲವು ಪಂಡಿತರೂ ಅದನ್ನು ರೇಖಾಚಿತ್ರ ಬರೆದು ವಿವರಿಸಿದರು. 2023ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕು ಆ ನೋಟನ್ನೇ ಚಲಾವಣೆಯಿಂದ ವಾಪಸ್ ತೆಗೆದುಕೊಂಡಿತು. ನೋಟುಗಳು ಹೆಚ್ಚುಕಡಿಮೆ ಪೂರ್ತಿ ಮರಳಿದವು. ಚಿಪ್ಪು ಸಿಕ್ಕಿದ್ದು ಮಾತ್ರ ಕೇಳಲಿಲ್ಲ.

ಇಂಥದ್ದನ್ನು ಕಳಿಸಿದ ಮಾವನವರನ್ನು ಕೇಳಿ ನೋಡಿ. ‘ನನಗೇನು ಗೊತ್ತಪ್ಪ, ಬಂದದ್ದನ್ನು ಬಂದ ಹಾಗೆ ಕಳಿಸಿದ್ದೀನಿ’ ಎನ್ನುತ್ತಾರೆ. ಈ ಮಾತಿಗೆ ಎದುರಿಲ್ಲ. ಮಾವನವರು ಅಂಚೆಯಣ್ಣ, ಅವರಿಗೆ ಕಳಿಸಿದವರೂ ಅಂಚೆಯಣ್ಣ. ಬೆನ್ನು ಹತ್ತಿ ಎಷ್ಟು ದೂರ ಹೋದರೂ ಅಂಚೆಯಣ್ಣಂದಿರೇ ಸಿಗುತ್ತಾರೆ, ಕಾಗದ ಬರೆದವನು ಸಿಗುವುದಿಲ್ಲ. ತಮಾಷೆಯೆಂದರೆ ಇದೇ ಮಾವನವರು ತರಕಾರಿ ಅಂಗಡಿಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡದೆ ಒಂದನ್ನೂ ಚೀಲಕ್ಕೆ ಹಾಕುವವರಲ್ಲ. ಬೀಗರು ಹೇಳಿದ ಮಾತನ್ನು ಮೂರು ಕಡೆ ವಿಚಾರಿಸದೆ ನಂಬಿದವರೂ ಅಲ್ಲ. ವಾಟ್ಸಾಪ್ ಕಂಪನಿಯವರು ಪಾಪ, ತುಂಬ ಕೈ ದಾಟಿ ಬಂದ ಮೆಸೇಜನ್ನು ಜನ ಅನುಮಾನದಿಂದ ನೋಡಲಿ ಎಂದು ಅದರ ತಲೆಯ ಮೇಲೆ ಎರಡು ಬಾಣದ ಗುರುತು ಹಾಕಿಕೊಟ್ಟರು. ಮಾವನವರಿಗೆ ಅದು ಐಎಸ್‌ಐ ಮುದ್ರೆಯ ಹಾಗೆ ಕಂಡಿತು. ಇಷ್ಟು ಜನ ಕಳಿಸಿದ್ದಾರೆಂದರೆ ಸುಳ್ಳಾಗಿರುತ್ತದೆಯೇ?

ನಗು ಇಲ್ಲಿಯವರೆಗೆ. 2012ರ ಆಗಸ್ಟಿನಲ್ಲಿ, ಅಂದರೆ ಎಸ್ಸೆಮ್ಮೆಸ್ಸಿನ ಕಾಲದಲ್ಲೇ, ದಾಳಿಯ ವದಂತಿಯನ್ನು ಬಂದ ಹಾಗೆ ಕಳಿಸಿದ ಪುಣ್ಯಾತ್ಮರಿಂದ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಗಂಟುಮೂಟೆ ಸಮೇತ ನಿಂತಿದ್ದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸಬಾರದೆಂದು ಕೇಂದ್ರ ಸರ್ಕಾರ ಕೆಲವು ದಿನ ಕಟ್ಟು ಹಾಕಿತು. ಆರು ವರ್ಷದ ನಂತರ, 2018ರ ಜುಲೈ 13ರಂದು, ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪೊಂದು ಶಾಲೆಯ ಮಕ್ಕಳಿಗೆ ಚಾಕಲೇಟು ಹಂಚಿತು. ಮಕ್ಕಳ ಕಳ್ಳರ ವದಂತಿ ಆಗ ಎಲ್ಲ ಫೋನುಗಳಲ್ಲಿ ಸುತ್ತುತ್ತಿತ್ತು. ಯಾರೋ ಅವರ ವಿಡಿಯೊ ತೆಗೆದು ಗ್ರೂಪಿಗೆ ಬಿಟ್ಟರು. ಜೀವ ಉಳಿಸಿಕೊಳ್ಳಲು ಓಡಿದ ಕಾರಿಗಿಂತ ವಿಡಿಯೊ ಮೊದಲು ಮುರ್ಕಿ ಗ್ರಾಮ ಮುಟ್ಟಿತ್ತು. ಅಲ್ಲಿ ಜನ ದಾರಿ ಕಟ್ಟಿ ಕಾದಿದ್ದರು. ಬಿಡಿಸಲು ಬಂದ ಪೊಲೀಸರಿಗೂ ಪೆಟ್ಟು ಬಿತ್ತು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ.

ಹೊಡೆದವರನ್ನು ಬಂಧಿಸಿದರು. ಆ ವಿಡಿಯೊ ಒತ್ತಿಹಿಡಿದು ಮುಂದಕ್ಕೆ ಕಳಿಸಿ, ಆಮೇಲೆ ರಾತ್ರಿ ಊಟ ಮಾಡಿ ಮಲಗಿದವರೆಷ್ಟೋ! ಅವರು ಯಾರ ಮೈಯನ್ನೂ ಮುಟ್ಟಿದವರಲ್ಲ. ದೇಶದ ಬೇರೆ ಬೇರೆ ಕಡೆ ಇಂಥ ಕೊಲೆಗಳಾಗಿ, ಸರ್ಕಾರ ಗದರಿಸಿ, ಮುರ್ಕಿಯ ಘಟನೆ ನಡೆದು ಒಂದು ವಾರವಾಗುವ ಹೊತ್ತಿಗೆ ವಾಟ್ಸಾಪ್ ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದೇ ಕಡೆ ಫಾರ್ವರ್ಡ್ ಮಾಡಬಹುದೆಂಬ ನಿಯಮ ತಂದಿತು. 2020ರ ಏಪ್ರಿಲಿನಲ್ಲಿ, ಆಗಲೇ ಬಹಳ ಸುತ್ತಿದ ಮೆಸೇಜಿಗೆ ಒಮ್ಮೆಗೆ ಒಂದೇ ಕಡೆ ಎಂದು ಬಿಗಿ ಮಾಡಿತು. ನಮ್ಮವರ ಶ್ರದ್ಧೆಯ ಮುಂದೆ ಇದೆಲ್ಲ ಯಾವ ಲೆಕ್ಕ? ಒಂದೊಂದೇ ಆಗಿ ಕಳಿಸುತ್ತಾರೆ, ತುಳಸಿಗೆ ಪ್ರದಕ್ಷಿಣೆ ಹಾಕುವಷ್ಟೇ ತಾಳ್ಮೆಯಿಂದ.

ಹಿಂದಿನ ಅರಳಿಕಟ್ಟೆಯೇ ಈಗ ಫೋನಿಗೆ ಬಂದಿದೆ ಎಂದು ಭಾಷಣ ಮಾಡುವವರಿದ್ದಾರೆ. ಅರಳಿಕಟ್ಟೆ ಸ್ವರ್ಗವೇನೂ ಆಗಿರಲಿಲ್ಲ. ಯಾರು ಮೇಲೆ ಕೂರಬೇಕು, ಯಾರು ಕೆಳಗೆ ನಿಲ್ಲಬೇಕು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು; ಹೆಂಗಸರಿಗೆ ಅಲ್ಲಿ ಜಾಗವೇ ಇರಲಿಲ್ಲ. ಚಾಡಿ, ಚಿತಾವಣೆ ಅಲ್ಲೂ ಧಾರಾಳವಾಗಿತ್ತು. ಆದರೆ ಸುಳ್ಳು ಹೇಳಿದವನ ಮುಖ ಎದುರಿಗೇ ಇರುತ್ತಿತ್ತು. ಮಾರನೆಯ ದಿನ ಅವನು ಅದೇ ಕಟ್ಟೆಗೆ ಬರಬೇಕಿತ್ತು. ‘ಏನೋ, ನಿನ್ನೆ ಹಾಗಂದೆಯಲ್ಲ’ ಎಂದು ಕೇಳಿದರೆ ‘ಬಂದ ಹಾಗೆ ಕಳಿಸಿದೆ’ ಎನ್ನಲು ಬರುತ್ತಿರಲಿಲ್ಲ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ನೆರೆಯವರ ಹೆಸರು ಗೊತ್ತಿಲ್ಲದೆ ಹತ್ತು ವರ್ಷ ಕಳೆಯುವುದು ಈಗ ಸಾಧ್ಯವಾಗಿದೆ, ಅದೂ ದಿನವಿಡೀ ಅವರೊಂದಿಗೆ ಜಗಳವಾಡುತ್ತಲೇ. ಫೋನಿನಲ್ಲಿ ಅವರು ‘302 ನಾಯಿ’, ‘ಮೇಂಟೆನೆನ್ಸ್ ಬಾಕಿ ಬಿ ಬ್ಲಾಕ್’ ಎಂದು ದಾಖಲಾಗಿರುತ್ತಾರೆ. ಗ್ರೂಪಿನಲ್ಲಿ ‘ನಾಯಿ ಸಾಕುವ ಕೆಲವರಿಗೆ ನಾಗರಿಕತೆ ಇಲ್ಲ’ ಎಂದು ಬರೆದವರು, ಲಿಫ್ಟಿನಲ್ಲಿ ಅದೇ ನಾಯಿಯ ತಲೆ ಸವರಿ ‘ಸೋ ಕ್ಯೂಟ್’ ಎನ್ನುತ್ತಾರೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ಲು ಬತ್ತಿ, ಟ್ಯಾಂಕರು ಬಾರದೆ ಜನ ಒದ್ದಾಡಿದರಲ್ಲ, ಆಗ ಗ್ರೂಪುಗಳಲ್ಲಿ ನೀರು ಬಿಟ್ಟು ಎಲ್ಲವೂ ಹರಿಯಿತು: ಮಳೆ ಬರಿಸುವ ಮಂತ್ರ, ಇಸ್ರೇಲಿನ ನೀರಾವರಿಯ ವಿಡಿಯೊ, ನೆಹರೂ ಮಾಡಿದ ತಪ್ಪು. ‘ನಮ್ಮ ಸಿಂಟೆಕ್ಸಿನಲ್ಲಿ ಸ್ವಲ್ಪ ಉಳಿದಿದೆ, ಬಕೆಟ್ ತನ್ನಿ’ ಎಂಬ ಮೆಸೇಜಿಗೆ ಫಾರ್ವರ್ಡ್ ಗುರುತು ಇರುವುದಿಲ್ಲ; ಬೇರೆಲ್ಲಿಂದಲೋ ಬರುವ ಮಾತಲ್ಲ ಅದು. ಆದ್ದರಿಂದಲೇ ಅಪರೂಪ.

ಇಂಥ ಗ್ರೂಪು ಬಿಟ್ಟು ಹೋಗುವುದಂತೂ ಊರು ಬಿಟ್ಟು ಹೋಗುವುದಕ್ಕಿಂತ ದೊಡ್ಡ ಕೆಲಸವಾಗಿತ್ತು. ಇಂಥವರು ಲೆಫ್ಟ್ ಎಂದು ಎಲ್ಲರಿಗೂ ಡಂಗುರ ಸಾರಿ ತಿಳಿಸುತ್ತಿದ್ದ ವಾಟ್ಸಾಪ್, 2022ರಿಂದ ಅಡ್ಮಿನ್ನಿಗೆ ಮಾತ್ರ ತಿಳಿಯುವಂತೆ ಬದಲಾಯಿಸಿತು. ಗಂಡನ ಮನೆಯ ಗ್ರೂಪಿನ ಮಟ್ಟಿಗೆ ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಅಲ್ಲಿ ಅಡ್ಮಿನ್ನು ನಾದಿನಿ. ಅದೇ ವರ್ಷ ಗ್ರೂಪಿನ ಮಿತಿ 256ರಿಂದ 512ಕ್ಕೆ, ಅಲ್ಲಿಂದ 1024ಕ್ಕೆ ಏರಿತು. ಸಾವಿರದಿಪ್ಪತ್ತನಾಲ್ಕು ಜನ ಒಂದೇ ಮಾತನ್ನು ಏಕಕಾಲಕ್ಕೆ ಕೇಳುವ, ಆದರೆ ಯಾರೂ ಆಡದೇ ಇರುವ ಸಭೆ ಮನುಷ್ಯರ ಚರಿತ್ರೆಯಲ್ಲಿ ಇದೇ ಮೊದಲಿರಬೇಕು.

ಆಡಲಿಲ್ಲ ಎಂದು ನ್ಯಾಯಾಲಯದಲ್ಲಿ ಹೇಳಿ ನೋಡಿದವರೂ ಇದ್ದಾರೆ. ತಮಿಳು ನಟ, ಮಾಜಿ ಶಾಸಕ ಎಸ್.ವೆ. ಶೇಖರ್ 2018ರಲ್ಲಿ ಪತ್ರಕರ್ತೆಯರನ್ನು ಹೀನಾಯವಾಗಿ ಬೈದ ಪೋಸ್ಟೊಂದನ್ನು ಫೇಸ್‌ಬುಕ್ಕಿನಲ್ಲಿ ಹಂಚಿಕೊಂಡರು. ಬರೆದವನು ನಾನಲ್ಲ, ಬಂದದ್ದನ್ನು ಓದದೆ ಕಳಿಸಿದೆ ಎಂದರು. ಕಳಿಸಿದ ಮೆಸೇಜು ಬಿಲ್ಲಿನಿಂದ ಬಿಟ್ಟ ಬಾಣದ ಹಾಗೆ, ಕಳಿಸಿದವನೇ ಅದಕ್ಕೆ ಹೊಣೆ ಎಂದು ಮದ್ರಾಸ್ ಹೈಕೋರ್ಟ್ 2023ರ ಜುಲೈಯಲ್ಲಿ ಹೇಳಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. ಅಂದು ಅವರು ಕಣ್ಣಿಗೆ ಔಷಧಿ ಹಾಕಿಕೊಂಡಿದ್ದರು, ಆದ್ದರಿಂದ ಪೋಸ್ಟಿನಲ್ಲಿ ಏನಿದೆಯೆಂದು ಓದಲಾಗಲಿಲ್ಲ ಎಂದು ವಕೀಲರು ವಾದಿಸಿದರು. ನ್ಯಾಯಮೂರ್ತಿಗಳು ಕರಗಲಿಲ್ಲ. 2024ರಲ್ಲಿ ಚೆನ್ನೈನ ವಿಶೇಷ ನ್ಯಾಯಾಲಯ ಅವರಿಗೆ ಒಂದು ತಿಂಗಳ ಜೈಲು ಶಿಕ್ಷೆ ವಿಧಿಸಿತು.

ಎಲ್ಲ ಗ್ರೂಪುಗಳ ಎಲ್ಲ ಮಾವಂದಿರಲ್ಲಿ, ಅತ್ತೆಯಂದಿರಲ್ಲಿ ಕೈಮುಗಿದು ವಿನಂತಿ: ಕಣ್ಣಿಗೆ ಔಷಧಿ ಹಾಕಿಕೊಂಡಾಗ ದಯವಿಟ್ಟು ಫೋನು ಮುಟ್ಟಬೇಡಿ.