ಮೂರನೇ ಕಿಟಕಿಗೆ ‘ಡೈರೆಕ್ಟ್’ ಅರ್ಜಿದಾರಳ ಬಹಿರಂಗ ಪತ್ರ

ಮಾನ್ಯ ಮೂರನೇ ಕಿಟಕಿಯವರೇ,

ಕಿಟಕಿಗೆ ಯಾರಾದರೂ ಪತ್ರ ಬರೆಯುತ್ತಾರೆಯೇ ಎಂದು ಓದುಗರು ನಗಬಹುದು. ನಿನ್ನೆ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡೂವರೆಯವರೆಗೆ ಅರ್ಜಿದಾರಳು ಡ್ರೈವಿಂಗ್ ಟೆಸ್ಟಿಗೆಂದು ಹೋದ ಸಾರಿಗೆ ಕಚೇರಿಯಲ್ಲಿ ಕಂಡದ್ದು ತಮ್ಮನ್ನೇ. ಒಳಗಿನ ಕುರ್ಚಿಯ ಮೇಲೆ ಒಂದು ಟವೆಲ್ ಕೂತಿತ್ತು. ಟವೆಲಿಗೆ ಬರೆಯುವುದಕ್ಕಿಂತ ಕಿಟಕಿಗೆ ಬರೆಯುವುದು ಮರ್ಯಾದೆ. ಕೊನೆಗೆ ತಮ್ಮ ಸರಳುಗಳ ನಡುವಿನಿಂದ ಒಂದು ಮಾತು ಹೊರಬಂತು: ‘ನಾಳೆ ಬನ್ನಿ.’

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಕಡೆ ರಾತ್ರಿ ಬಾಗಿಲು ತಟ್ಟುವ ದೆವ್ವವನ್ನು ಸಾಗಹಾಕಲು ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ದೆವ್ವ ಓದಿಕೊಂಡು ಹೋಗುತ್ತಿತ್ತು, ಮರುದಿನ ಬಂದು ಮತ್ತೆ ಅದನ್ನೇ ಓದುತ್ತಿತ್ತು. ಆದರೆ ಪಾಪ, ಆ ದೆವ್ವ ರಜೆ ಚೀಟಿ ಬರೆಯಬೇಕಿರಲಿಲ್ಲ, 300 ರೂಪಾಯಿ ಟೆಸ್ಟ್ ಶುಲ್ಕ ಕಟ್ಟಿ ಸ್ಲಾಟ್ ಹಿಡಿಯಬೇಕಿರಲಿಲ್ಲ.

ಅರ್ಜಿದಾರಳು 43 ವರ್ಷದ ಹೈಸ್ಕೂಲು ಗಣಿತದ ಮೇಡಂ. ನಲವತ್ತು ದಾಟಿದ್ದಕ್ಕೆ ವೈದ್ಯರಿಂದ ನಮೂನೆ 1-ಎ ಬರೆಸಿದಳು. ಕಲಿಯುವವರ ಲೈಸೆನ್ಸ್, ಅಂದರೆ ಎಲ್‌ಎಲ್, ಬಂದ ಮೇಲೆ ಕಾಯಬೇಕಾದ 30 ದಿನ ಕಾದಳು. ಎಲ್ ಬೋರ್ಡನ್ನು ಸ್ಕೇಲು ಹಿಡಿದು ತಾನೇ ಬರೆದಳು. ನಿಯಮದಲ್ಲಿ ಅಳತೆಯೇ ಇದೆ: ಬಿಳಿ ಹಲಗೆ 18 ಸೆಂಟಿಮೀಟರ್ ಚೌಕ, ಕೆಂಪು ಅಕ್ಷರದ ಎತ್ತರ 10, ದಪ್ಪ 2, ಬುಡದ ಅಗಲ 9. ಅದನ್ನು ಯಾರೂ ನೋಡಲಿಲ್ಲ. ನಿಜ ಹೇಳಬೇಕೆಂದರೆ, ಒಂದು ನಾಯಿ ಮೂಸಿ ನೋಡಿತು.

ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 15ನೆಯದನ್ನೂ ಆಕೆ ಓದಿಕೊಂಡಿದ್ದಳು. ಕಡಿದಾದ ಏರಿನಲ್ಲಿ ಗಾಡಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಿಸಬೇಕು. ಇಳಿಜಾರಿನಲ್ಲಿ ಬೇಗ ಕೆಳಗಿನ ಗೇರಿಗೆ ಬರಬೇಕು. ಸಿಗ್ನಲ್ ಕೊಡುವ ಮುನ್ನ ಕನ್ನಡಿ ನೋಡಬೇಕು. ಆಕೆಯ ತವರು ಘಟ್ಟದ ಕೆಳಗೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಮಂಜು ಕವಿದಾಗ ಎದುರಿಗೆ ಬಸ್ಸು ಬಂದರೆ ಬೇಕಾಗುವುದು ಇದೇ ವಿದ್ಯೆ. ಹಾಗಾಗಿ ಒಂದು ತಿಂಗಳು ಮನೆ ಮುಂದಿನ ಏರಿನಲ್ಲಿ ಹಾಫ್ ಕ್ಲಚ್, ಹ್ಯಾಂಡ್‌ಬ್ರೇಕು ಎಂದು ಒದ್ದಾಡಿದಳು. ಪಕ್ಕದ ಮನೆಯ ದಾಸವಾಳದ ಗಿಡವೊಂದು ಈ ಅಭ್ಯಾಸದಲ್ಲಿ ತೀರಿಕೊಂಡಿತು.

ಟೆಸ್ಟ್ ಮೈದಾನ ಮಾತ್ರ ಹಪ್ಪಳದಷ್ಟು ಚಪ್ಪಟೆ.

ಅಲ್ಲಿ ಕೇಳಿದ ಮೊದಲ ಪ್ರಶ್ನೆ ಕ್ಲಚ್ಚಿನದಲ್ಲ, ಕನ್ನಡಿಯದೂ ಅಲ್ಲ. ‘ಯಾವ ಸ್ಕೂಲು?’ ಮೇಡಂ ತಮ್ಮ ಹೈಸ್ಕೂಲಿನ ಹೆಸರು ಹೇಳಿದರು. ‘ಅದಲ್ಲ, ಡ್ರೈವಿಂಗ್ ಸ್ಕೂಲು.’ ಯಾವುದೂ ಇಲ್ಲ ಎಂದಾಗ ಕೇಳಿದವರ ಮುಖ ಸಣ್ಣಗಾಯಿತು. ‘ಓ, ಡೈರೆಕ್ಟಾ?’ ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಕಾನೂನು ಹೇಳಿದಂತೆ ತಾನೇ ಅರ್ಜಿ ಹಾಕಿ ತಾನೇ ಬಂದವರಿಗೆ ಅಲ್ಲಿರುವ ಬಿರುದು ಇದು.

ಸ್ಕೂಲಿನವರು ಒಂದೇ ಕಾರಿನಲ್ಲಿ ಹದಿನೇಳು ಜನರ ಟೆಸ್ಟ್ ಮುಗಿಸಿದರು. ಡಬಲ್ ಕಂಟ್ರೋಲ್ ಗಾಡಿ. ಪಕ್ಕದ ಸೀಟಿನ ಗುರುಗಳ ಕಾಲಡಿಯಲ್ಲೂ ಬ್ರೇಕು, ಕ್ಲಚ್ಚು. ಒಬ್ಬ ಹುಡುಗ ಎರಡೂ ಕಾಲು ಮಡಚಿ ಕೂತಿದ್ದ. ಗಾಡಿ ಎಂಟು ಹಾಕಿತು, ರಿವರ್ಸ್ ಬಂತು, ನಿಂತಿತು. ಹುಡುಗ ಪಾಸು. ಪಾಸಾದದ್ದು ಯಾರ ಕಾಲು ಸ್ವಾಮಿ? ಆ ಗುರುಗಳ ಎಡಗಾಲು ಒಂದೇ ಬೆಳಗ್ಗೆ ಹದಿನೇಳು ಲೈಸೆನ್ಸ್ ಗಳಿಸಿತಲ್ಲ!

ಹದಿನೇಳರ ನಂತರ ಮಳೆ. ಮಳೆಯ ನಂತರ ಊಟ. ಊಟದ ನಂತರ ಸರ್ವರ್ ಡೌನ್. ಡೈರೆಕ್ಟ್ ಬಂದ ನಾಲ್ವರೂ ಬೆಳಗಿನ ಸ್ಲಾಟಿನವರು. ನಾಲ್ವರನ್ನೂ ಒಮ್ಮೆಯೂ ಕರೆಯಲಿಲ್ಲ. ಅವರಲ್ಲೊಬ್ಬ ದಿನಗೂಲಿಯವನು, ಒಂದು ದಿನದ ಸಂಬಳ ಹೋಯಿತು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಸ್ಲಾಟ್ ಕೊಟ್ಟು, ದುಡ್ಡು ಕಟ್ಟಿಸಿಕೊಂಡು, ಮಳೆಯಲ್ಲಿ ನಿಲ್ಲಿಸಿ, ಸ್ಕೂಲಿನ ಮೂಲಕ ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ಹಿಂದಕ್ಕೆ ತಳ್ಳುವುದು ಅನ್ಯಾಯ. ಫೇಲಾದರೆ ಏಳು ದಿನ ಬಿಟ್ಟು ಬರಬಹುದು, ಮೂರು ಸಲ ಫೇಲಾದರೆ 60 ದಿನ ಕಾಯಬೇಕು ಎಂದು ಕಾಯ್ದೆ ಹೇಳುತ್ತದೆ. ಟೆಸ್ಟೇ ಮಾಡದೆ ಕಳಿಸಿದವರ ಬಗ್ಗೆ ಯಾವ ಕಾಯ್ದೆ?

ಅರ್ಜಿದಾರಳ ಜೊತೆಗೆ ಭಾವನೂ ಬಂದಿದ್ದರು. ಎಲ್ ಬೋರ್ಡಿನವರ ಪಕ್ಕ ಲೈಸೆನ್ಸ್ ಇದ್ದವರು ಕೂರಲೇಬೇಕು, ಅದೂ ನಿಯಮ. ವಾಪಸಾಗುವಾಗ ಅವರು ಹೇಳಿದ್ದಿಷ್ಟು: “ಸ್ಕೂಲಿಗೆ ಒಂದಿಷ್ಟು ದುಡ್ಡು ಕೊಟ್ಟು ಸುಮ್ಮನೆ ಕೂರೋದು ಬಿಟ್ಟು ನಿನಗ್ಯಾಕೆ ಮಾರಾಯ್ತಿ ಈ ಡೈರೆಕ್ಟು?” ಮನೆ ಮುಂದಿನ ಏರಿನಲ್ಲಿ ಆಕೆ ಬೇಕೆಂದೇ ಗಾಡಿ ನಿಲ್ಲಿಸಿ, ಒಂದಿಂಚೂ ಹಿಂದೆ ಜಾರದಂತೆ ಹೊರಡಿಸಿದಳು. ನೋಡಿದ್ದು ಭಾವ ಒಬ್ಬರೇ. ಅಂಕ ಕೊಡುವವರು ಯಾರೂ ಇರಲಿಲ್ಲ.

ದೆವ್ವ ಸೋಮವಾರ ಮತ್ತೆ ಬರುತ್ತದೆ, ಫೈಲು ಸಮೇತ. ಎಲ್‌ಎಲ್‌ನ ಆರು ತಿಂಗಳಲ್ಲಿ ಇನ್ನೂ ಸಮಯವಿದೆ. ಭಾವನ ಸಿಎಲ್ ಮಾತ್ರ ಒಂದೇ ಉಳಿದಿದೆ. ದಯವಿಟ್ಟು ಟವೆಲಿಗೆ ತಿಳಿಸಿ.

ಇತಿ,
ಡೈರೆಕ್ಟ್ ಅರ್ಜಿದಾರಳು