ಚಾರಣಾಚಾರ್ಯರು

ಬೆಂಗಳೂರಿನ ಪ್ರತಿ ಆಫೀಸಿನಲ್ಲೂ ಒಬ್ಬ ಚಾರಣಾಚಾರ್ಯರು ಇದ್ದೇ ಇರುತ್ತಾರೆ. ವಾರವಿಡೀ ಒಂದನೇ ಮಹಡಿಗೂ ಲಿಫ್ಟಿಗೇ ಕಾಯುವ ಇವರು ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆಂದರೆ ಸಾಕ್ಷಾತ್ ತೇನ್‌ಸಿಂಗ್! ಕುತ್ತಿಗೆಗೆ ಸೀಟಿ, ಮೊಣಕಾಲಿಗೆ ಪಟ್ಟಿ, ಪ್ಯಾಂಟಿನ ತುಂಬ ಜೇಬು. ಟಾರ್ಚು ಯಾವ ಜೇಬಿನಲ್ಲಿದೆ ಎಂಬುದೊಂದನ್ನು ಬಿಟ್ಟು ಅವರಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ.

ನಮ್ಮ ಆಚಾರ್ಯರು ಕೊಡಚಾದ್ರಿಗೆ ಆರಿಸಿದ್ದು ಸೆಪ್ಟೆಂಬರ್. "ಮಳೆ ಮುಗಿದಿರುತ್ತೆ, ಹಸಿರು ಉಳಿದಿರುತ್ತೆ" ಎಂಬುದು ಅವರ ಲೆಕ್ಕ. ನಿಟ್ಟೂರಿನಲ್ಲಿ ಇಳಿಯುವಾಗ ಆಕಾಶಕ್ಕೆ ತೂತು ಬಿದ್ದಿತ್ತು. "ಇದು ಮಳೆಯಲ್ಲ, ಮಂಜು ಕರಗ್ತಿರೋದು" ಎಂದರು. "ಜೀಪ್ ಸಿಗುತ್ತಂತೆ ಸರ್" ಎಂದು ಲೆಕ್ಕಪತ್ರ ವಿಭಾಗದ ಹುಡುಗಿ ಮೆಲ್ಲಗೆ ಹೇಳಿದಳು. "ಜೀಪಲ್ಲಿ ಹೋದ್ರೆ ಬೆಟ್ಟ ನಮ್ಮದಾಗಲ್ಲಮ್ಮ!"

ಹಿಡ್ಲುಮನೆ ಜಲಪಾತದ ಏರಿನಲ್ಲಿ ಬೆಟ್ಟ ನಮ್ಮದಾಗುವ ಮೊದಲು ನಾವು ಉಂಬಳಗಳದ್ದಾದೆವು. ಅದಕ್ಕೂ ಆಚಾರ್ಯರಲ್ಲಿ ಉಪಾಯವಿತ್ತು. ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಟಿಕೊಂಡಿದ್ದರು. ಮುಟ್ಟಿಸಿದರೆ ಉಂಬಳ ತಾನಾಗಿ ಉದುರಬೇಕು. ನನ್ನ ಹಿಮ್ಮಡಿಯ ಮೇಲೆ ದ್ರಾಕ್ಷಿಯಂತೆ ಉಬ್ಬಿದ್ದ ಒಂದಕ್ಕೆ ಮುಟ್ಟಿಸಿದರು. ಅದು ಅಲುಗಲಿಲ್ಲ. ಉಪ್ಪೆಲ್ಲ ಮಳೆಗೆ ಕರಗಿಹೋಗಿ ಗಂಟಿನಲ್ಲಿ ಬರೀ ಬಟ್ಟೆ ಉಳಿದಿತ್ತು. ಆಚಾರ್ಯರು ಧೃತಿಗೆಡದೆ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಪದಾರ್ಥ ಅದರ ಜೊಲ್ಲಿನಲ್ಲಿರುತ್ತದೆಂದು ವಿವರಿಸತೊಡಗಿದರು. ವಿವರಣೆ ಮುಗಿಯುವ ಮೊದಲೇ ಉಂಬಳ ಹೊಟ್ಟೆ ತುಂಬಿಸಿಕೊಂಡು ತಾನಾಗಿ ಬಿದ್ದುಹೋಯಿತು. "ನೋಡಿದ್ರಾ?" ಎಂದರು.

"ಇನ್ನೆಷ್ಟು ದೂರ ಸರ್?"

"ಹತ್ತೇ ನಿಮಿಷ."

ಈ ಹತ್ತು ನಿಮಿಷ ಬೆಳಿಗ್ಗೆ ಎಂಟಕ್ಕೆ ಶುರುವಾದದ್ದು ಹನ್ನೊಂದಾದರೂ ಮುಗಿದಿರಲಿಲ್ಲ. ಅಷ್ಟರಲ್ಲಿ ಕಂಬಳಿಕೊಪ್ಪೆ ಹಾಕಿ, ಹವಾಯಿ ಚಪ್ಪಲಿ ಮೆಟ್ಟಿದ ಅಜ್ಜರೊಬ್ಬರು ಮೇಲಿನಿಂದ ಸರಸರ ಇಳಿದು ಬಂದರು. ಕೇಳಿದೆವು. "ಅರ್ಧನೂ ಆಗ್ಲಿಲ್ಲ ಮಾರಾಯ್ರೆ" ಎಂದು ಅದೇ ವೇಗದಲ್ಲಿ ಮಂಜಿನೊಳಗೆ ಹೋದರು. ಅವರು ಮರೆಯಾಗುವವರೆಗೆ ಕಾದು ಆಚಾರ್ಯರು, "ಹಳ್ಳಿಯವರಿಗೆ ದೂರದ ಅಂದಾಜಿರಲ್ಲ" ಎಂದರು.

ಮೂಲ ಮೂಕಾಂಬಿಕೆಯ ಗುಡಿ ತಲುಪಿದಾಗ ಜೀಪಿನವರು ಕೈಕಾಲು ಬೆಚ್ಚಗಿಟ್ಟುಕೊಂಡು ದರ್ಶನ ಮುಗಿಸಿದ್ದರು. ಅಲ್ಲಿನ ಕಬ್ಬಿಣದ ಕಂಬ ಸುಮಾರು 40 ಅಡಿಯದು. ನಮಗೆ ಕಂಡದ್ದು ಹತ್ತು ಅಡಿ. ಉಳಿದ ಮೂವತ್ತನ್ನು ಆಚಾರ್ಯರು ಬಾಯಲ್ಲೇ ನಿಲ್ಲಿಸಿದರು.

ಕೊನೆಗೂ 1,343 ಮೀಟರ್ ಎತ್ತರದ ನೆತ್ತಿ. ಅಲ್ಲಿರುವ ಪುಟ್ಟ ಕಲ್ಲುಗುಡಿಯೇ ಸರ್ವಜ್ಞ ಪೀಠ. ಶಂಕರಾಚಾರ್ಯರು ಇಲ್ಲಿ ತಪಸ್ಸು ಮಾಡಿದರೆಂದು ಪ್ರತೀತಿ. ನಮ್ಮ ಆಚಾರ್ಯರಿಗೂ ಅದು ತಕ್ಕ ಜಾಗವೇ. ಸುತ್ತ ಹಿಂಜಿದ ಬಿಳುಪು, ನಮ್ಮ ಕೈ ನಮಗೇ ಕಾಣದು. ಆಚಾರ್ಯರು ಕೋಲೆತ್ತಿದರು. "ಅದೋ, ಅರಬ್ಬೀ ಸಮುದ್ರ. ಈ ಕೆಳಗೆ ಕೊಲ್ಲೂರು. ಆ ಕಡೆ ಲಿಂಗನಮಕ್ಕಿ ಹಿನ್ನೀರು. ಚೆನ್ನಾಗಿ ನೋಡ್ಕೊಳ್ಳಿ." ನಾವು ಚೆನ್ನಾಗಿ ನೋಡಿಕೊಂಡೆವು. ಕೆಲವರು ಫೋಟೊ ತೆಗೆದರು. ಒಬ್ಬ ಸಮುದ್ರವನ್ನು ಹಿನ್ನೆಲೆಗಿಟ್ಟು ಸೆಲ್ಫಿಯನ್ನೂ ತೆಗೆದ.

ಆಗ ಗಾಳಿ ಬೀಸಿ ಮಂಜು ಒಂದೇ ಕ್ಷಣ ಸರಿಯಿತು. ಅರಬ್ಬೀ ಸಮುದ್ರವಿದ್ದಲ್ಲಿ ದೊಡ್ಡದೊಂದು ಗುಡ್ಡ ನಿಂತಿತ್ತು.

"ಅದರ ಹಿಂದೆ" ಎಂದರು ಆಚಾರ್ಯರು. ಮಂಜು ಕೂಡಲೇ ಬಂದು ಅವರ ಮಾನ ಮುಚ್ಚಿತು.

ಸೋಮವಾರ ಕ್ಯಾಂಟೀನಿನಲ್ಲಿ ಒಂದೇ ಬಣ್ಣದ ಫೋಟೊಗಳ ಮೆರವಣಿಗೆ. ಇದು ಸಮುದ್ರ, ಇದು ಕೊಲ್ಲೂರು ಎಂದು ಬಾರದವರಿಗೆ ನಾವೇ ತೋರಿಸುತ್ತಿದ್ದೆವು, ಅದೂ ಆಚಾರ್ಯರ ಧಾಟಿಯಲ್ಲೇ. ಉಂಬಳ ಕಚ್ಚಿದ ಗಾಯ ಕೆರೆದುಕೊಳ್ಳುತ್ತಾ ನಾನು ಕೇಳಿದೆ: "ಮುಂದಿನ ಸಲ ಡಿಸೆಂಬರ್‌ನಲ್ಲಿ ಹೋಗೋಣ್ವಾ ಸರ್? ಆಕಾಶ ತಿಳಿಯಾಗಿರುತ್ತೆ."

ಆಚಾರ್ಯರ ಮುಖ ಸಪ್ಪೆಯಾಯಿತು. "ಡಿಸೆಂಬರ್‌ನಲ್ಲಿ ಏನಿರುತ್ರೀ? ಎಲ್ಲರಿಗೂ ಎಲ್ಲಾ ಕಾಣುತ್ತೆ!"