ಏಕವೃಕ್ಷಾರಣ್ಯ ಪ್ರವೇಶಿಕೆ ಅಥವಾ ಒಂದೇ ಮರದ ಕಾಡಿನಲ್ಲಿ ಸಲೀಸಾಗಿ ನಡೆಯುವ ಶಾಸ್ತ್ರ

ಉಪೋದ್ಘಾತ

ಕಷ್ಟದ ದಾರಿ ನಡೆದು ಬಂದವನಿಗೆ ಶಾಸ್ತ್ರ ಬೇಕಿಲ್ಲ. ಕುಮಾರಪರ್ವತ ಹತ್ತಿಳಿದವನು ಅಂಗಾಲಿನ ಬೊಬ್ಬೆ ತೋರಿಸಿದರೆ ಸಾಕು, ನೋಡಿದವರು ಕೂರಿಸಿ ಕಾಫಿ ಕೊಡುತ್ತಾರೆ. ಸಲೀಸಾದ ದಾರಿಯಲ್ಲಿ ನಡೆದವನ ಪಾಡು ಹಾಗಲ್ಲ. ಅವನು ಜಾರಿ ಬಿದ್ದಿಲ್ಲ, ದಾರಿ ತಪ್ಪಿಲ್ಲ, ಹುಲಿಯ ಹೆಜ್ಜೆ ಹಾಗಿರಲಿ, ಮೊಲದ ಹಿಕ್ಕೆಯನ್ನೂ ಕಂಡಿಲ್ಲ. ಹೇಳಿಕೊಳ್ಳಲು ಏನೂ ಇಲ್ಲದ ಈ ದೈನ್ಯದಿಂದಲೇ ಲೋಕದ ಬಹುಪಾಲು ಸಂಶೋಧನ ಪ್ರಬಂಧಗಳು ಹುಟ್ಟಿವೆ. ಪ್ರಸ್ತುತ ಪ್ರಬಂಧವೂ ಅದೇ ವಂಶದ್ದು.

ಪ್ರಾಚೀನರ ಪದ್ಧತಿಯಂತೆ ಮೊದಲು ಅನುಬಂಧ ಚತುಷ್ಟಯ.

ವಿಷಯ: ಭರೂಚ್ ಜಿಲ್ಲೆಯ ಶುಕ್ಲತೀರ್ಥದ ಬಳಿ, ನರ್ಮದೆಯ ನಡುಗಡ್ಡೆಯಲ್ಲಿ ಇರುವ ಕಬೀರವಡ ಎಂಬ ಆಲದ ಮರದೊಳಗೆ ನಡೆದಾಡುವುದು. ಮರದ 'ಒಳಗೆ' ಎಂದದ್ದು ಅಚ್ಚಿನ ದೋಷವಲ್ಲ.

ಅಧಿಕಾರಿ: ಅಹಮದಾಬಾದಿನ ಮಣಿನಗರದಲ್ಲಿ ನೆಲೆಸಿದ ಕನ್ನಡಿಗರು. ಬಿಪಿ, ಶುಗರ್, ಮಂಡಿನೋವು ಈ ಮೂರರಲ್ಲಿ ಎರಡಾದರೂ ಸಿದ್ಧಿಸಿರಬೇಕು.

ಸಂಬಂಧ: ಮಣಿನಗರ ಸ್ಟೇಷನ್ನಿನ ಮೇಲೆ ಹಾದು, ವಡೋದರಾ ದಾಟಿ, ಸೂರತ್ತಿಗೆ ಓಡುವ ರೈಲುಹಳಿ. ಭರೂಚ್ ಇರುವುದು ಅದೇ ಹಳಿಯ ಮೇಲೆ.

ಪ್ರಯೋಜನ: ಕಡೆಯಲ್ಲಿ ಹೇಳಲಾಗುವುದು. ಮೊದಲೇ ಹೇಳಿದರೆ ಮುಂದೆ ಯಾರೂ ಓದುವುದಿಲ್ಲ.

ಸೂತ್ರಕಾರನೂ ಭಾಷ್ಯಕಾರನೂ ನಾನೇ. ಸೂತ್ರಕಾರನ ಆಶಯ ಭಾಷ್ಯಕಾರನಿಗೆ ತಿಳಿಯಲಿಲ್ಲ ಎಂಬ ಹಳೆಯ ದೂರು ಇದರಿಂದ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಸೂತ್ರ 1: ದೂರವನ್ನು ಕಾಂಕರಿಯಾದಲ್ಲಿ ಅಳೆಯತಕ್ಕದ್ದು

ಭಾಷ್ಯ: ಮೈಲಿ, ಹರದಾರಿ, ಕಿಲೋಮೀಟರು ಇವೆಲ್ಲ ಪರದೇಶದ ಮಾನಗಳು. ಮಣಿನಗರದ ಅಧಿಕೃತ ಮಾನ ಕಾಂಕರಿಯಾ. ಸುಲ್ತಾನ ಕುತುಬುದ್ದೀನ್ ಅಹಮದ್ ಷಾ 1451ರಲ್ಲಿ ಕಟ್ಟಿ ಮುಗಿಸಿದ ಈ ಕೆರೆಗೆ 34 ಬದಿಗಳಿವೆ. ಅಂದರೆ ಬೆಳಗಿನ ಜಾವ ಕೆರೆ ಸುತ್ತುವ ನಿವೃತ್ತರು ತಾವು ಸುತ್ತುತ್ತಿದ್ದೇವೆ ಎಂದುಕೊಳ್ಳುವುದು ಬರೀ ಭ್ರಾಂತಿ. ತತ್ತ್ವತಃ ಅವರು 34 ಸಲ ನೆಟ್ಟಗೆ ನಡೆದು 34 ಸಲ ಮನಸ್ಸು ಬದಲಾಯಿಸಿದವರು. ಒಂದು ಸುತ್ತು ಎರಡು ಕಿಲೋಮೀಟರಿನ ಆಸುಪಾಸು. 2008ರ ನವೀಕರಣದ ಮೇಲೆ ಬೇಲಿ, ಗೇಟು, ಮಕ್ಕಳ ರೈಲು ಎಲ್ಲ ಬಂದಿವೆ. ಆದರೆ ಮಾನ ಬದಲಾಗಿಲ್ಲ. 'ಡಾಕ್ಟರು ಎರಡು ಕಾಂಕರಿಯಾ ಹೇಳಿದ್ದಾರೆ' ಎಂದರೆ ಮಣಿನಗರದಲ್ಲಿ ಅದು ಮದ್ದಿನ ಪ್ರಮಾಣ.

ಈಗ ಕಬೀರವಡದ ಅಳತೆ. ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿ ಭರೂಚ್, ಡಭೋಯಿಗಳಲ್ಲಿದ್ದ ಜೇಮ್ಸ್ ಫೋರ್ಬ್ಸ್ 1813ರಲ್ಲಿ ಹೊರತಂದ ತನ್ನ 'ಓರಿಯಂಟಲ್ ಮೆಮ್ವಾರ್ಸ್'ನಲ್ಲಿ ಈ ಮರದ ಮುಖ್ಯ ಕಾಂಡಗಳ ಸುತ್ತಳತೆ ಸುಮಾರು 2000 ಅಡಿ ಎಂದು ಬರೆದಿದ್ದಾನೆ. ದೊಡ್ಡ ಕಾಂಡಗಳು 350, ಚಿಕ್ಕವು 3000ಕ್ಕೂ ಮಿಗಿಲು. ನರ್ಮದೆಯ ನೆರೆ ಅದಾಗಲೇ ಒಂದಷ್ಟು ಭಾಗವನ್ನು ಕೊಚ್ಚಿಕೊಂಡು ಹೋಗಿತ್ತು ಎಂದೂ ಸೇರಿಸಿದ್ದಾನೆ. 2000 ಅಡಿ ಎಂದರೆ ಸುಮಾರು 610 ಮೀಟರ್. ಕಾಂಕರಿಯಾದ ಮೂರನೆಯ ಒಂದು ಪಾಲು. ದಾರಿ ಸಲೀಸು ಎಂಬುದು ಹೀಗೆ ರೈಲು ಹತ್ತುವ ಮೊದಲೇ, ಕುಳಿತಲ್ಲೇ, ಗಣಿತದಿಂದ ಸಿದ್ಧವಾಯಿತು. ನಡೆಯುವುದು ಇನ್ನು ಔಪಚಾರಿಕ.

ಸೂತ್ರ 2: ಉಂಬಳ ಕಾಡಿನ ಲಕ್ಷಣವಲ್ಲ

ಪೂರ್ವಪಕ್ಷ: ಇಲ್ಲಿ ಪೂರ್ವಪಕ್ಷಿ ಶಿರಸಿಯಿಂದ ಮಣಿನಗರಕ್ಕೆ ಬಂದಿಳಿದ ಸೋದರಮಾವ. ಮರದಡಿ ನಿಂತು ಪಂಚೆ ಎತ್ತಿ ಎರಡೂ ಮೀನಖಂಡ ಪರೀಕ್ಷಿಸಿ ಅವನು ಹೇಳಿದ್ದು: "ಎಂತ ಕಾಡು ತಮಾ ಇದು? ಒಂದು ಉಂಬಳನೂ ಇಲ್ಲೆ."

ಅವನ ಪ್ರಮಾಣಗಳು ಹಗುರವಲ್ಲ. ಸಿದ್ದಾಪುರದ ಕತ್ತಲೆಕಾನಿನಲ್ಲಿ ರಾಮಪತ್ರೆ ಜಾತಿಯ ಮರಗಳು ಜೌಗುನೀರಿನಲ್ಲಿ ನಿಂತು, ಉಸಿರಾಡಲೆಂದು ಬೇರನ್ನು ಮಂಡಿ ಮಡಚಿದಂತೆ ಮೇಲಕ್ಕೆ ಎತ್ತಿರುತ್ತವೆ. ಕೊಡಗಿನಲ್ಲಿ ಸಾವಿರಕ್ಕೂ ಮೀರಿದ ದೇವರಕಾಡುಗಳಿವೆ. ಅಲ್ಲಿ ಕತ್ತಿ ಎತ್ತುವವನು ಮೊದಲು ದೇವರಿಗೆ, ಆಮೇಲೆ ಊರಿಗೆ ಉತ್ತರ ಹೇಳಬೇಕು. ಅಂಥ ಕಾಡುಗಳ ಮುಂದೆ ಒಂದೇ ಒಂದು ಆಲದ ಮರವನ್ನು, ಅದೂ ಕಡಲೆಕಾಯಿ ಮಾರುವವನು ಒಳಗೇ ಕೂತಿರುವ ಮರವನ್ನು, ಕಾಡು ಎನ್ನುವುದೇ?

ಸಿದ್ಧಾಂತ: ಎನ್ನಬಹುದು. ಪರಿಸರ ವಿಜ್ಞಾನಿಗಳು ಹಳೆಯ, ಕೊಡಲಿ ಕಾಣದ ಕಾಡಿಗೆ ಹೇಳುವ ಲಕ್ಷಣಗಳು ಇವು: ಎಲ್ಲ ವಯಸ್ಸಿನ ಮರಗಳೂ ಒಟ್ಟಿಗಿರಬೇಕು, ಒಳಗೆ ಟೊಳ್ಳಾದ ಮುದಿ ಕಾಂಡಗಳಿರಬೇಕು, ಬಿದ್ದ ದಿಮ್ಮಿ ಬಿದ್ದಲ್ಲೇ ಕೊಳೆಯಬೇಕು, ಮೇಲಿನ ಚಪ್ಪರದಲ್ಲಿ ಅಲ್ಲಲ್ಲಿ ಬೆಳಕಿನ ಕಿಂಡಿ ಇರಬೇಕು. ಕಬೀರವಡದಲ್ಲಿ ತಲೆ ಎತ್ತಿ ನೋಡಿ. ಮೊನ್ನೆ ಇಳಿಯಲು ಶುರುವಾದ ಬಿಳಲು ಹುರಿಹಗ್ಗದಷ್ಟು ತೆಳುವಾಗಿ ತೂಗುತ್ತಿದೆ, ಅದರ ತುದಿಯಲ್ಲಿ ಮಾಸಲು ಹಳದಿಯ ಮೆತ್ತನೆಯ ಮೂತಿ. ಪಕ್ಕದಲ್ಲೇ ನೆಲ ಮುಟ್ಟಿ, ಹಿಡಿತ ಸಿಕ್ಕಿ, ಬಿಗಿದುಕೊಂಡು ತೊಗಟೆ ಕಟ್ಟುತ್ತಿರುವ ಎಳೆಯ ಕಂಬ. ಅದರಾಚೆ ಇಬ್ಬರು ಕೈ ಕೋದರೂ ತಬ್ಬಲಾಗದ ಕಾಂಡ. ಅದಕ್ಕೂ ಆಚೆ ಹೊಟ್ಟೆ ಪೊಳ್ಳಾಗಿ ವಾಲಿದ ಇನ್ನೊಂದು. ಅಜ್ಜ, ಅಪ್ಪ, ಮೊಮ್ಮಗ ಎಲ್ಲ ಇದ್ದಾರೆ. ವಿಶೇಷವೇನೆಂದರೆ ಎಲ್ಲರೂ ಒಬ್ಬರೇ.

ಜಾತಿ ಒಂದೇ ಆದರೆ ಕಾಡು ಹೇಗಾದೀತು ಎಂದು ಮಾವ ಮತ್ತೆ ಬಾಯಿ ತೆರೆದ. ಮಲೆನಾಡಿನಲ್ಲಿ ಸಾಲು ಹಿಡಿದು ನೆಟ್ಟ ಅಕೇಶಿಯಾ ತೋಪುಗಳನ್ನು ಕಾಗದದ ಮೇಲೆ ಕಾಡು ಎಂದೇ ಕರೆಯುತ್ತಾರಲ್ಲ ಎಂದು ಕೇಳಲಾಯಿತು. ಅಕೇಶಿಯಾದ ಹೆಸರು ಕಿವಿಗೆ ಬಿದ್ದದ್ದೇ ತಡ, ಮಾವನ ಸಿಟ್ಟು ಬೇರೆ ದಿಕ್ಕಿಗೆ ಹರಿಯಿತು. ಒಣಗಿದ ಬಾವಿ, ಬೆಂಕಿ, ಕಳೆದುಹೋದ ಸೊಪ್ಪಿನ ಬೆಟ್ಟ ಎಲ್ಲ ಬಂದು ಮುಗಿಯುವಷ್ಟರಲ್ಲಿ ಪೂರ್ವಪಕ್ಷ ತಾನಾಗಿ ನಿವೃತ್ತವಾಗಿತ್ತು.

ಸೂತ್ರ 3: ಒಂದೋ ಹಲವೋ ಎಂಬುದನ್ನು ಬುತ್ತಿ ಬಿಚ್ಚುವವರೆಗೆ ಚರ್ಚಿಸಬಹುದು

ಭಾಷ್ಯ: ಕಾಡಿನ ಲಕ್ಷಣ ಒದಗಿಸಿದ್ದೇ ಹೊಸ ಸಂಕಟ ತಂದಿತು. ಫೋರ್ಬ್ಸ್ ಎಣಿಸಿದ್ದು ಮೂರು ಸಾವಿರದ ಮುನ್ನೂರೈವತ್ತಕ್ಕೂ ಮಿಗಿಲಾದ ಮರಗಳನ್ನೋ, ಒಂದು ಮರವನ್ನೋ? ಮಣಿನಗರದ ಕನ್ನಡಿಗರಲ್ಲಿ ಆಚಾರ್ಯತ್ರಯರ ಮೂರು ಮತಗಳಿಗೂ ಪ್ರತಿನಿಧಿಗಳಿರುವುದರಿಂದ ಚರ್ಚೆಗೆ ಹೊರಗಿನವರನ್ನು ಕರೆಯಬೇಕಾಗಲಿಲ್ಲ.

ಬಟ್ಟೆ ಗಿರಣಿಯಲ್ಲಿ ಲೆಕ್ಕ ಬರೆದು ನಿವೃತ್ತರಾದ ಸ್ಮಾರ್ತರು ಅದ್ವೈತವನ್ನು ಎತ್ತಿಹಿಡಿದರು. ಮರ ಒಂದೇ, ಕಾಂಡಗಳ ಬಹುತ್ವ ಉಪಾಧಿಯಿಂದ ತೋರುವುದು. ನಾವೂ ಒಂದೇ ಆದ್ದರಿಂದ ದೋಣಿಯ ಬಾಡಿಗೆಯನ್ನು ಯಾರಾದರೂ ಒಬ್ಬರು ಕೊಟ್ಟರೆ ಎಲ್ಲರೂ ಕೊಟ್ಟಂತೆ. ಆ ಒಬ್ಬರು ತಾವಲ್ಲ ಎಂಬುದನ್ನು ಅವರು ಮೌನದಿಂದ ಸೂಚಿಸಿದರು. ಉಡುಪಿ ಹೋಟೆಲಿನ ಭಟ್ಟರು ಇದನ್ನು ಸಹಿಸಲಿಲ್ಲ. ಪಂಚಭೇದ ಸತ್ಯ. ಕಾಂಡಕ್ಕೂ ಕಾಂಡಕ್ಕೂ ಭೇದ, ಬಿಳಲಿಗೂ ಕಾಂಡಕ್ಕೂ ಭೇದ, ಹಾಗೆಯೇ ಇವರ ಬಿಲ್ಲಿಗೂ ಅವರ ಬಿಲ್ಲಿಗೂ ಭೇದ. ಈ ಕೊನೆಯ ಭೇದವನ್ನು ಅಲ್ಲಗಳೆದ ಹೋಟೆಲು ಯಾವುದೂ ಉಳಿದಿಲ್ಲ. ಬ್ಯಾಂಕಿನಲ್ಲಿ ಮ್ಯಾನೇಜರರಾಗಿದ್ದ ಅಯ್ಯಂಗಾರ್ಯರು ನಡುವೆ ಬಂದು ಮರ ಶರೀರಿ, ಕಾಂಡಗಳು ಶರೀರ ಎಂದರು. ಹೆಡ್ ಆಫೀಸಿಗೂ ಶಾಖೆಗಳಿಗೂ ಇರುವ ಸಂಬಂಧ ಇದು. ಶಾಖೆ ಬೇರೆಯೂ ಅಲ್ಲ, ಸ್ವತಂತ್ರವೂ ಅಲ್ಲ, ವರ್ಗಾವಣೆ ಮಾತ್ರ ಮೇಲಿನವನ ಸಂಕಲ್ಪ.

ಅದ್ವೈತಿಗಳು ಇಲ್ಲಿ ಗಿನ್ನೆಸ್ ಪುಸ್ತಕವನ್ನು ಆಪ್ತವಾಕ್ಯವಾಗಿ ತಂದರು. ಆಂಧ್ರದ ಕದಿರಿಯ ಬಳಿಯ ತಿಮ್ಮಮ್ಮ ಮರ್ರಿಮಾನು ಎಂಬ ಆಲವನ್ನು ಲೋಕದ ಕಣ್ಣಿಗೆ ತಂದವರು ನಮ್ಮ ಬೆಂಗಳೂರಿನ ಪತ್ರಕರ್ತ ರಿಗ್ರೆಟ್ ಅಯ್ಯರ್. 1989ರಲ್ಲಿ ಅದು ಗಿನ್ನೆಸ್ ದಾಖಲೆ ಸೇರಿತು, ಒಂದು ಮರವಾಗಿಯೇ ಸೇರಿತು. ತಾವು ಕಳಿಸಿದ ಬರಹಗಳಿಗೆ ಪತ್ರಿಕೆಗಳಿಂದ ಬಂದ ವಿಷಾದಪತ್ರಗಳನ್ನು ಕೂಡಿಟ್ಟು ಅದನ್ನೇ ಹೆಸರಿಗೆ ಸೇರಿಸಿಕೊಂಡವರು ಒಂದು ಮರವನ್ನು ಜಗತ್ತಿನಿಂದ ಸ್ವೀಕೃತ ಮಾಡಿಸಿದ್ದು ಸಣ್ಣ ಮಾತಲ್ಲ. ಆದರೆ ಭಟ್ಟರು ಬಗ್ಗಲಿಲ್ಲ. ಪುಸ್ತಕ ಅಚ್ಚಾದದ್ದು ಮ್ಲೇಚ್ಛದೇಶದಲ್ಲಿ ಎಂದುಬಿಟ್ಟರು.

ಆಗ ಹುಬ್ಬಳ್ಳಿಯ ಅಜ್ಜಿ, ಯಾವ ಮತದ ಪರವಾಗಿಯೂ ಹಾಜರಿ ಹಾಕದವರು, ಚೀಲದ ಗಂಟು ಬಿಚ್ಚುತ್ತ ನುಡಿದರು: "ಗಿಡಾ ಒಂದಾದ್ರೇನು, ನೂರಾದ್ರೇನ್ರಿ? ನೆಳ್ಳು ಒಂದ ಐತೆಲ್ಲೋ? ಕುಂದರ್ರಿ, ರೊಟ್ಟಿ ಆರತಾವ." ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಹೊರಬಂದವು. ಭರೂಚಿನ ಹೆಸರುವಾಸಿ ಖಾರಿ ಶೇಂಗಾದ ಪೊಟ್ಟಣವೂ ಪಕ್ಕಕ್ಕೆ ಬಂತು. ಮೂರೂ ಮತದವರು ಒಂದೇ ಪಂಕ್ತಿಯಲ್ಲಿ ಕೂತದ್ದನ್ನು ಈ ಪ್ರಬಂಧಕಾರನು ಪ್ರತ್ಯಕ್ಷ ಪ್ರಮಾಣವಾಗಿ ದಾಖಲಿಸುತ್ತಾನೆ.

ಸೂತ್ರ 4: ಮರಶಾಸನಗಳನ್ನು ಓದತಕ್ಕದ್ದು, ಕೆತ್ತತಕ್ಕದ್ದಲ್ಲ

ಭಾಷ್ಯ: ಊಟವಾದ ಮೇಲಿನ ಕ್ಷೇತ್ರಕಾರ್ಯದಲ್ಲಿ ಒಂದು ಶಾಸನ ದೊರೆಯಿತು. ಕಾಂಡದ ಪೂರ್ವಮುಖ, ಎದೆಯೆತ್ತರ. ಲಿಪಿ ಗುಜರಾತಿ, ತಲೆಗೆರೆ ಇಲ್ಲ. ಲಾಂಛನ ಬಾಣ ಚುಚ್ಚಿದ ಹೃದಯ. ಇಬ್ಬರ ಹೆಸರಿನ ಮೊದಲಕ್ಷರಗಳಿವೆ. ದಾನದ ವಿವರವಿಲ್ಲ, ತಿಥಿ ಇಲ್ಲ, ರಾಜನ ಹೆಸರಿಲ್ಲ, ಕಡೆಯಲ್ಲಿ ಶಾಪಾಶಯವೂ ಇಲ್ಲ. ನಮ್ಮ ಕಡೆಯ ಶಾಸನಗಳಲ್ಲಿ ದತ್ತಿ ಕೆಡಿಸಿದವನಿಗೆ ಕವಿಲೆಯನ್ನು ಕೊಂದ ಪಾಪ ಹೇಳಿ ಮುಗಿಸುವುದು ವಾಡಿಕೆ. ಇಲ್ಲಿ ಶಾಸನವೇ ದತ್ತಿಯನ್ನು ಕೆಡಿಸಿರುವುದರಿಂದ ಶಾಪ ಯಾರ ಮೇಲೆ ಬೀಳಬೇಕೆಂಬ ಗೊಂದಲಕ್ಕೆ ಲಿಪಿಕಾರ ಆ ಸಾಲನ್ನು ಬಿಟ್ಟಿರಬೇಕು. ಮರ ದಪ್ಪವಾದಂತೆ ಅಕ್ಷರಗಳು ಅಗಲಗಲವಾಗಿ ಇಬ್ಬರ ನಡುವೆ ಅಂತರ ಬೆಳೆದಿದೆ. ಪ್ರೇಮದ ವಿಷಯದಲ್ಲಿ ಇದಕ್ಕೆ ಭಾಷ್ಯ ಬೇಕಿಲ್ಲ.

ಸೂತ್ರ 5: ಮೂಲ ಕಾಂಡ ಹುಡುಕತಕ್ಕದ್ದಲ್ಲ

ಭಾಷ್ಯ: ಪ್ರಬಂಧದ ಜೀವಾಳ ಇದು. ಕಬೀರವಡಕ್ಕೆ ಬಂದ ಪ್ರತಿಯೊಬ್ಬನೂ ಕೇಳುವ ಮೊದಲ ಪ್ರಶ್ನೆ, 'ಇದರಲ್ಲಿ ಅಸಲು ಮರ ಯಾವುದು?' ಕಬೀರರು ಹಲ್ಲುಜ್ಜಿ ನೆಟ್ಟ ಕಡ್ಡಿ ಚಿಗುರಿ ಈ ಮರವಾಯಿತು ಎಂಬುದು ಐತಿಹ್ಯ. ಆ ಕಡ್ಡಿಯಿಂದ ಎದ್ದ ಕಾಂಡವನ್ನು ಮುಟ್ಟಿ ನಮಸ್ಕರಿಸಬೇಕೆಂಬುದು ಎಲ್ಲರ ಆಸೆ. ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳಬೇಡ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಇಲ್ಲಿ ಆ ಅಪಾಯವಿಲ್ಲ, ಅಪ್ಪ ನೆಟ್ಟದ್ದು ಯಾವುದೆಂದು ಹಗ್ಗ ಹಿಡಿದವನಿಗೆ ತಿಳಿಯುವುದೇ ಇಲ್ಲ.

ಇದು ಕಬೀರವಡವೊಂದರ ಕತೆಯಲ್ಲ. ಹೌರಾದ ಸಸ್ಯೋದ್ಯಾನದ ಮಹಾ ಆಲವನ್ನು 1864 ಮತ್ತು 1867ರ ಚಂಡಮಾರುತಗಳು ಜರ್ಜರಿಸಿದವು, ಆಮೇಲೆ ಬೂಷ್ಟು ತಿಂದಿತು, 1925ರಲ್ಲಿ ಮೂಲ ಕಾಂಡವನ್ನೇ ಕತ್ತರಿಸಿ ತೆಗೆದರು. ಮರ ಹೆಚ್ಚುತ್ತಲೇ ಇದೆ. ಬೆಂಗಳೂರಿನ ಕೇತೋಹಳ್ಳಿಯ ದೊಡ್ಡ ಆಲದ ಮರ ಮೂರು ಎಕರೆ ಹಬ್ಬಿದೆ. ಅದರ ಮೂಲ ಕಾಂಡವೂ ರೋಗ ತಗುಲಿ ಹೋಯಿತು. ವಾರದ ಕಡೆಗೆ ಅಲ್ಲಿಗೆ ಹೋಗುವವರಿಗೆ ಏನೋ ಕಳೆದುಹೋಗಿದೆ ಅನ್ನಿಸುವುದೂ ಇಲ್ಲ. ಸಸ್ಯಶಾಸ್ತ್ರ ಇನ್ನೂ ನಿಷ್ಕರುಣಿ. ಆಲದ ಹಣ್ಣು ತಿಂದ ಹಕ್ಕಿಯ ಹಿಕ್ಕೆಯಲ್ಲಿ ಬೀಜ ಬೇರೊಂದು ಮರದ ಕವಲಿನಲ್ಲೋ ಗೋಡೆಯ ಬಿರುಕಿನಲ್ಲೋ ಬಿದ್ದು, ಅಲ್ಲೇ ಮೊಳೆತು, ಬೇರನ್ನು ಕೆಳಕ್ಕೆ ಇಳಿಬಿಡುತ್ತದೆ. ಆಲಗಳು ಬಹುಮಟ್ಟಿಗೆ ಹುಟ್ಟುವುದೇ ಹೀಗೆ. ಅಂಥ ಮರದಲ್ಲಿ ನಾವು ಮೂಲ ಎಂದು ಕೈಮುಗಿಯುವ ಮೊದಲ ಕಾಂಡವೂ ಮೇಲಿಂದ ಇಳಿದು ಬಂದ ಬಿಳಲೇ.

ಗ್ರಂಥಸಂಪಾದಕರು ಇಲ್ಲಿ ಎಚ್ಚೆತ್ತುಕೊಳ್ಳಬೇಕು. ಈ ಮರಕ್ಕೆ ಹೆಸರು ಕೊಟ್ಟ ಕಬೀರರ ವಾಣಿಯ ಸ್ಥಿತಿಯೂ ಹೀಗೇ ಇದೆ. ಪೂರ್ವದಲ್ಲಿ ಬೀಜಕ, ಪಂಜಾಬಿನಲ್ಲಿ ಗುರುಗ್ರಂಥ ಸಾಹಿಬ್, ರಾಜಸ್ಥಾನದಲ್ಲಿ ದಾದೂಪಂಥಿಗಳ ಪಂಚವಾಣಿ. ಒಂದರಲ್ಲಿ ಇರುವ ಹಾಡು ಇನ್ನೊಂದರಲ್ಲಿ ಇಲ್ಲ, ಇದ್ದರೂ ಪಾಠ ಬೇರೆ. ಹದಿನೈದನೆಯ ಶತಮಾನದ ನೇಕಾರನ ಬಾಯಿಂದ ಹೊರಟ ಅಸಲು ಸಾಲು ಯಾವುದು ಎಂದು ವಿದ್ವಾಂಸರು ಕಣ್ಣು ಸವೆಸಿದ್ದಾರೆ. ಹಾಡುವವರು ಅಷ್ಟರಲ್ಲಿ ಹಾಡಿ ಮುಗಿಸಿ ಮುಂದಿನ ಊರಿಗೆ ಹೋಗಿರುತ್ತಾರೆ. ಹೌರಾದಲ್ಲಿ ಎಳೆ ಬಿಳಲುಗಳಿಗೆ ಬಿದಿರಿನ ಕೊಳವೆ ತೊಡಿಸಿ ಬೇಕಾದ ಕಡೆ ನೆಲಕ್ಕೆ ಇಳಿಸುತ್ತಾರೆ. ಸಾಹಿತ್ಯದಲ್ಲಿ ಈ ಕೆಲಸಕ್ಕೆ ಪರಿಷ್ಕರಣೆ ಎಂಬ ಗೌರವದ ಹೆಸರಿದೆ. ಮೂಲ ಸಿಗದಿರುವುದು ಮರಕ್ಕೆ ಕೊರತೆಯಲ್ಲ, ಕವಿಗೂ ಅಲ್ಲ. ಮುಂದಿನ ಬಿಳಲಿಗೆ ಇಳಿಯಲು ಜಾಗವಿದ್ದರೆ ಸಾಕು.

ಪರನಾಡಿಗೆ ಹೋದ ಕನ್ನಡಿಗರೂ ಆಲದಂತೆ ಬಿಳಲು ಬಿಟ್ಟು ಬೇರೂರಿದ್ದಾರೆ ಎಂಬ ಉಪಮೆಯನ್ನು ಪಾಠಕರು ಇಷ್ಟು ಹೊತ್ತು ನಿರೀಕ್ಷಿಸಿರಬಹುದು. ರಾಜ್ಯೋತ್ಸವದ ಭಾಷಣಗಳಲ್ಲಿ ಅದು ವರ್ಷವರ್ಷ ತಪ್ಪದೆ ಬರುತ್ತದೆ. ಶಾಸ್ತ್ರದಲ್ಲಿ ಅದಕ್ಕೆ ಪ್ರವೇಶವಿಲ್ಲ.

ಫಲಶ್ರುತಿ

ಆರಂಭದಲ್ಲಿ ಬಾಕಿ ಇಟ್ಟ ಪ್ರಯೋಜನ ಈಗ. ಚಳಿಗಾಲದಲ್ಲಿ ಹೋಗಿ. ಮಳೆಗಾಲದಲ್ಲಿ ನರ್ಮದೆ ಯಾರ ಮತವನ್ನೂ ಕೇಳುವುದಿಲ್ಲ. ಎಳೆ ಬಿಳಲಿಗೆ ಮಕ್ಕಳು ಜೋತು ಆಡದಂತೆ ನೋಡಿಕೊಳ್ಳಿ, ಅದು ಇನ್ನೂ ನೆಲ ಕಂಡಿಲ್ಲ. ಈ ಪ್ರಬಂಧವನ್ನು ಭಕ್ತಿಯಿಂದ ಓದಿದವರಿಗೆ ಕಾಲು ಕಾಂಕರಿಯಾ ನಡೆದ ಫಲ. ಓದಿ ವಾದಿಸಿದವರಿಗೆ ಅದೂ ಇಲ್ಲ, ಬಿಪಿ ಏರುತ್ತದೆ. ಓದದೆ ನೇರ ದೋಣಿ ಹತ್ತಿದವರಿಗೆ ಪೂರ್ಣಫಲ. ಮೂಲ ಕಾಂಡವನ್ನು ಕಂಡೇಬಿಟ್ಟೆ ಎಂದು ಹೇಳಿಕೊಂಡು ಬಂದವರಿಗೆ ಡಾಕ್ಟರೇಟ್ ಕೊಟ್ಟು, ಶಾಲು ಹೊದಿಸಿ, ಮುಂದಿನ ಸಲ ಮನೆಯಲ್ಲೇ ಬಿಟ್ಟು ಹೋಗತಕ್ಕದ್ದು.